ಗ್ರಾಫಿಕ್ಸ್ ಕಾರ್ಡ್ ಬದಲಿಸೋ ಮುಂಚೆ ಡಬ್ಬ ನೋಡಿ: ಕೋರ್ಸೇರ್ 4000ಡಿ ಏರ್‌ಫ್ಲೋ ಹೇಗಿದೆ?

ಈ ವಾರ ಕಲಬುರಗಿಯಿಂದ ಕೇಳುಗರೊಬ್ಬರು ಒಂದು ಪ್ರಶ್ನೆ ಕಳಿಸಿದ್ದಾರೆ. ಬೇಸಿಗೆ ಶುರುವಾದ್ರೆ ಸಾಕು, ಅರ್ಧ ಗಂಟೆ ಆಟ ಆಡೋದ್ರೊಳಗೆ ಫ್ರೇಮ್ ಬೀಳುತ್ತಂತೆ. ಕೂಡಿಟ್ಟ ದುಡ್ಡಲ್ಲಿ ಹೊಸ ಗ್ರಾಫಿಕ್ಸ್ ಕಾರ್ಡ್ ತಗೊಳ್ಲಾ ಅಂತ ಕೇಳ್ತಿದ್ದಾರೆ. ಫೋಟೋ ನೋಡಿದೆ. ಕ್ಯಾಬಿನೆಟ್ ಮುಂಭಾಗ ಪೂರ್ತಿ ಗಾಜು. ಒಳಗೆ ಮೂರು ಬಣ್ಣದ ಫ್ಯಾನ್ ಮಿನುಗ್ತಿವೆ, ಆದ್ರೆ ಅವಕ್ಕೆ ಎಳೆದುಕೊಳ್ಳೋಕೆ ಗಾಳಿನೇ ಇಲ್ಲ!

ಒಂದು ಸುಲಭ ಪರೀಕ್ಷೆ ಹೇಳ್ತೀನಿ, ಕಾಸು ಖರ್ಚಿಲ್ಲ. ಸೈಡ್ ಪ್ಯಾನೆಲ್ ತೆಗೆದಿಟ್ಟು ಅದೇ ಆಟ ಆಡಿ. ಕಾರ್ಡ್‌ನ ಉಷ್ಣಾಂಶ ಹತ್ತು ಡಿಗ್ರಿ ಇಳಿದ್ರೆ ತಪ್ಪು ಕಾರ್ಡ್‌ದಲ್ಲ, ಡಬ್ಬದ್ದು. ಇನ್ನೊಂದು ಲೆಕ್ಕ ನೆನಪಿರಲಿ. ಯೂಟ್ಯೂಬ್‌ನಲ್ಲಿ ವಿದೇಶಿ ರಿವ್ಯೂ ಮಾಡೋರ ರೂಮು 21-22 ಡಿಗ್ರಿ ಇರುತ್ತೆ. ಅಲ್ಲಿ 65 ತೋರಿಸೋ ಕಾರ್ಡ್, ಮೇ ತಿಂಗಳ ನಮ್ಮ 38 ಡಿಗ್ರಿ ರೂಮಲ್ಲಿ ಸುಮಾರು 80 ಮುಟ್ಟುತ್ತೆ. ಆಮೇಲೆ ಕಾರ್ಡ್ ತಾನಾಗೇ ವೇಗ ತಗ್ಗಿಸ್ಕೊಳ್ಳುತ್ತೆ. ಫ್ರೇಮ್ ಬೀಳೋದು ಅಂದ್ರೆ ಇದೇ.

ಈಗ 4000ಡಿ ಏರ್‌ಫ್ಲೋ ವಿಷಯ. 2020ರಲ್ಲಿ ಬಂದ ಮಿಡ್ ಟವರ್ ಇದು. ಮುಂಭಾಗ ತ್ರಿಕೋನದ ತೂತುಗಳಿರೋ ಉಕ್ಕಿನ ಜಾಲರಿ, ಹಿಂದೆ ಧೂಳಿನ ಫಿಲ್ಟರ್. ಹುಷಾರ್, ಬರೀ '4000ಡಿ' ಅಂತ ಮುಂಭಾಗ ಮುಚ್ಚಿರೋ ಮಾಡೆಲ್ ಕೂಡ ಇದೆ. ಎಸ್.ಪಿ. ರೋಡಲ್ಲಿ ಕೊಳ್ಳಿ, ಆನ್‌ಲೈನ್‌ನಲ್ಲಿ ಕೊಳ್ಳಿ, ಬಾಕ್ಸ್ ಮೇಲೆ 'ಏರ್‌ಫ್ಲೋ' ಅನ್ನೋ ಪದ ಓದಿಯೇ ದುಡ್ಡು ಕೊಡಿ.

ಜಾಗಕ್ಕೆ ಕೊರತೆ ಇಲ್ಲ. 360 ಮಿಲಿಮೀಟರ್ ಉದ್ದದ ಕಾರ್ಡ್, 170 ಮಿಲಿಮೀಟರ್ ಎತ್ತರದ ಏರ್ ಕೂಲರ್ ಹಿಡಿಸುತ್ತೆ. ಮುಂದೆ 360ರ ರೇಡಿಯೇಟರ್ ಕೂಡ ಹಾಕಬಹುದು, ಆಗ ಕಾರ್ಡ್‌ಗೆ ಸಿಗೋ ಜಾಗ ಕಮ್ಮಿಯಾಗುತ್ತೆ, ಮೊದಲೇ ಟೇಪ್ ಹಿಡಿದು ಅಳೀರಿ. ಮದರ್‌ಬೋರ್ಡ್ ಹಿಂದೆ ವೈರ್ ಅಡಗಿಸೋಕೆ ಸುಮಾರು 25 ಮಿಲಿಮೀಟರ್ ಇದೆ. ಮೊದಲ ಸಲ ಪಿಸಿ ಕಟ್ಟೋರಿಗೆ ಇದು ದೊಡ್ಡ ನೆಮ್ಮದಿ, ಬಾಗಿಲು ಒತ್ತಿ ಒತ್ತಿ ಮುಚ್ಚೋ ಸರ್ಕಸ್ ಇಲ್ಲ.

ನನಗೆ ಹಿಡಿಸದೇ ಇರೋದು ಫ್ಯಾನ್ ವಿಷಯ. ಜೊತೆಗೆ ಬರೋದು ಎರಡೇ, 120 ಮಿಲಿಮೀಟರ್‌ನವು, ಮುಂದೊಂದು ಹಿಂದೊಂದು. ಲಿಯಾನ್ ಲಿ ಲ್ಯಾನ್‌ಕೂಲ್ 216 ತಗೊಂಡ್ರೆ ಮುಂದೆ 160 ಮಿಲಿಮೀಟರ್‌ನ ಎರಡು ದೊಡ್ಡ ಫ್ಯಾನ್, ಹಿಂದೆ ಇನ್ನೊಂದು ಸಿಗುತ್ತೆ. ಹಾಗಾಗಿ 4000ಡಿ ಬೆಲೆ ನೋಡುವಾಗ ಇನ್ನೊಂದು ಫ್ಯಾನ್‌ನ ದುಡ್ಡು ಸೇರಿಸಿಯೇ ಹೋಲಿಸಿ. ಆ ಫ್ಯಾನನ್ನ ಮುಂದೆಯೇ ಹಾಕಿ. ಹೊರಗೆ ಹೋಗೋ ಗಾಳಿಗಿಂತ ಒಳಗೆ ಬರೋದು ಜಾಸ್ತಿ ಇದ್ರೆ, ಸಂದಿಗೊಂದಿಯಿಂದ ಧೂಳು ನುಗ್ಗಲ್ಲ, ಫಿಲ್ಟರ್ ದಾಟಿಯೇ ಬರಬೇಕು. ರಸ್ತೆ ಪಕ್ಕದ ಮನೆಯಾದ್ರೆ ತಿಂಗಳಿಗೊಮ್ಮೆ ಆ ಫಿಲ್ಟರ್ ತೊಳೆದು, ಪೂರ್ತಿ ಒಣಗಿಸಿ ಹಾಕಿ. ಧೂಳು ಕಟ್ಟಿದ ಜಾಲರಿಗೂ ಗಾಜಿಗೂ ವ್ಯತ್ಯಾಸ ಏನಿಲ್ಲ ಬಿಡಿ. ಆರ್‌ಜಿಬಿ ಬೇಕೇ ಬೇಕು ಅನ್ನೋರು ಬೈಬೇಡಿ, ಅದು ಆಮೇಲೂ ಹಾಕಬಹುದು.

ಮುಂದಿನ ಪೋರ್ಟ್‌ಗಳು ಜಿಪುಣತನದವು. ಒಂದು ಸಾದಾ ಯುಎಸ್‌ಬಿ, ಒಂದು ಟೈಪ್-ಸಿ, ಹೆಡ್‌ಫೋನಿಗೂ ಮೈಕಿಗೂ ಸೇರಿ ಒಂದೇ ಜ್ಯಾಕ್. ಆ ಟೈಪ್-ಸಿ ಕೆಲಸ ಮಾಡೋಕೆ ಮದರ್‌ಬೋರ್ಡ್‌ನಲ್ಲಿ ಬೇರೆಯದೇ ಕನೆಕ್ಟರ್ ಬೇಕು, ಅಗ್ಗದ ಎಷ್ಟೋ ಬೋರ್ಡ್‌ಗಳಲ್ಲಿ ಅದು ಇರಲ್ಲ. ನಿಮ್ಮ ಬೋರ್ಡ್‌ನ ಹೆಸರು ಕಾಮೆಂಟಲ್ಲಿ ಹಾಕಿ, ಇದೆಯೋ ಇಲ್ವೋ ನೋಡಿ ಹೇಳ್ತೀನಿ.