ಒಂದು ಕಣ್ಣಿಗೆ ಪರದೆ ಬಿದ್ದರೆ ಕೊರಳಿನ ನಾಳ ನೋಡಿಸಿ



ಇವತ್ತು ನಾವು ಕಣ್ಣಿನ ಬಗ್ಗೆ ಮಾತಾಡೋಣ. ಆದರೆ ಮಾತು ಶುರುವಾಗುವುದು ಕೊರಳಿನಿಂದ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ತೆಂಗಿನ ತೋಟಕ್ಕೆ ಡ್ರಿಪ್ ಹಾಕಿರುವುದನ್ನು ನಾವೆಲ್ಲ ನೋಡಿದ್ದೇವೆ. ದೊಡ್ಡ ಪೈಪಿನಲ್ಲಿ ಕಟ್ಟಿದ ಕಸ ಕಿತ್ತು ಬಂದರೆ ಸಣ್ಣ ತೂತಿಗೆ ಸಿಕ್ಕಿಕೊಳ್ಳುತ್ತದೆ, ಆ ಮರಕ್ಕೆ ನೀರಿಲ್ಲ. ನಮ್ಮ ದೇಹದಲ್ಲೂ ಹೀಗೇ ಆಗುತ್ತದೆ.

ಕೊರಳಿನ ಎರಡೂ ಪಕ್ಕದಲ್ಲಿ ತಲೆಗೆ ರಕ್ತ ಒಯ್ಯುವ ದೊಡ್ಡ ನಾಳಗಳಿವೆ. ದವಡೆಯ ಕೆಳಗೆ ಪ್ರತಿಯೊಂದೂ ಎರಡು ಕವಲಾಗುತ್ತದೆ. ಒಂದು ಮುಖಕ್ಕೆ, ಇನ್ನೊಂದು ಮಿದುಳಿಗೆ. ಮಿದುಳಿಗೆ ಹೋಗುವ ನಾಳದಿಂದಲೇ ಅದೇ ಪಕ್ಕದ ಕಣ್ಣಿಗೂ ರಕ್ತ ಹೋಗುತ್ತದೆ. ಬಿ.ಪಿ., ಸಕ್ಕರೆ ಕಾಯಿಲೆ, ಹೊಗೆಸೊಪ್ಪು, ಬೀಡಿ ಇವುಗಳಿಂದ ಆ ಕವಲಿನಲ್ಲಿ ವರ್ಷಗಟ್ಟಲೆ ಕೊಬ್ಬು ಕಟ್ಟಿ ದಾರಿ ಕಿರಿದಾಗುತ್ತದೆ. ನೋವೇ ಇರುವುದಿಲ್ಲ.

ಅಲ್ಲಿಂದ ಒಂದು ಚೂರು ಕಿತ್ತು ಕಣ್ಣಿನ ಸಣ್ಣ ನಾಳಕ್ಕೆ ಸಿಕ್ಕಿಕೊಂಡರೆ, ಪರದೆ ಇಳಿಬಿಟ್ಟ ಹಾಗೆ ಒಂದೇ ಕಣ್ಣು ಕತ್ತಲಾಗುತ್ತದೆ. ಚೂರು ಕರಗಿದರೆ ಕೆಲವೇ ನಿಮಿಷದಲ್ಲಿ ದೃಷ್ಟಿ ಬರುತ್ತದೆ. "ಏನೋ ಮಂಜಾಗಿತ್ತು ಕಣಕ್ಕ, ಸರಿಹೋಯ್ತು" ಅಂತ ನಾವು ಮತ್ತೆ ಕೊಬ್ಬರಿ ಕೆಲಸಕ್ಕೆ ಕೂರುತ್ತೇವೆ. ಅಪಾಯ ಇರೋದು ಇಲ್ಲೇ. ಮುಂದಿನ ಚೂರು ಮಿದುಳಿಗೆ ಹೋದರೆ ಪಾರ್ಶ್ವವಾಯು. ಮೊದಲ ಕೆಲವು ದಿನಗಳಲ್ಲೇ ಈ ಭಯ ಹೆಚ್ಚು.

1954ರಲ್ಲಿ ಲಂಡನ್ನಿನ ಒಬ್ಬ ಗೃಹಿಣಿಗೆ ಹೀಗೇ ಆಗುತ್ತಿತ್ತು. ಮತ್ತೆ ಮತ್ತೆ ಎಡಗಣ್ಣು ಕತ್ತಲು, ಬಲಗೈ ಬಲಗಾಲಿಗೆ ಶಕ್ತಿ ಇಲ್ಲ, ಸ್ವಲ್ಪ ಹೊತ್ತಿಗೆ ಎಲ್ಲ ಸರಿ. ಎಡ ಮಿದುಳು ಬಲಭಾಗವನ್ನು ನಡೆಸುವುದರಿಂದ ವೈದ್ಯರು ಎಡ ಕೊರಳನ್ನು ನೋಡಿದರು. ಕಿರಿದಾದ ಭಾಗ ತೆಗೆದು ನಾಳ ಜೋಡಿಸಿದರು. ಆಕೆ ಗುಣವಾದರು.

ನಾವು ಮಾಡಬೇಕಾದ್ದು ಇಷ್ಟು. ಕಣ್ಣು ಕತ್ತಲಾದಾಗ ಒಂದೊಂದೇ ಕಣ್ಣು ಮುಚ್ಚಿ ನೋಡಿ. ಒಂದೇ ಕಣ್ಣು ಹೋಗಿದ್ದರೆ, ಸರಿಯಾದರೂ ಅವತ್ತೇ ಆಸ್ಪತ್ರೆಗೆ ಹೋಗಿ. ಹರಳೆಣ್ಣೆ, ಅಂಗಡಿ ಡ್ರಾಪ್ಸು ಬೇಡ. ಯಾವ ಕಣ್ಣು, ಎಷ್ಟು ನಿಮಿಷ ಅಂತ ಡಾಕ್ಟರಿಗೆ ಹೇಳಿ, ಕೊರಳಿನ ಡಾಪ್ಲರ್ ಸ್ಕ್ಯಾನ್ ಬೇಕೇ ಎಂದು ಕೇಳಿ. ಅದರಲ್ಲಿ ಕೊಯ್ಯುವುದಿಲ್ಲ, ನೋವಿಲ್ಲ. ಹೆಚ್ಚಿನವರಿಗೆ ಮಾತ್ರೆಯೇ ಸಾಕು, ಕೆಲವರಿಗೆ ಮಾತ್ರ ಆಪರೇಷನ್.

ದೃಷ್ಟಿ ಮರಳದಿದ್ದರೆ, ಬಾಯಿ ಸೊಟ್ಟಗಾದರೆ, ಕೈ ಬಿದ್ದುಹೋದರೆ, ಮಾತು ತೊದಲಿದರೆ ಬೆಳಗಾಗಲಿ ಅಂತ ಕಾಯಬೇಡಿ, 108ಕ್ಕೆ ಫೋನ್ ಮಾಡಿ. ಪಾರ್ಶ್ವವಾಯುವಿನಲ್ಲಿ ಹೆಪ್ಪು ಕರಗಿಸುವ ಇಂಜೆಕ್ಷನ್ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಬೀಳಬೇಕು. ನಮ್ಮ ಹಳ್ಳಿಗಳಿಂದ ತುಮಕೂರಿಗೋ ಬೆಂಗಳೂರಿನ ನಿಮ್ಹಾನ್ಸ್‌ಗೋ ತಲುಪೋಕೇ ಎಷ್ಟು ಹೊತ್ತು ಬೇಕು, ನಿಮಗೇ ಗೊತ್ತು.

30 ವರ್ಷ ದಾಟಿದವರಿಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಬಿ.ಪಿ., ಸಕ್ಕರೆ ಪರೀಕ್ಷೆ ಉಚಿತ. ಮುಂದಿನ ಸಭೆಯಲ್ಲಿ ಉಳಿತಾಯ ಬರೆಯುವಾಗ "ನೋಡಿಸಿದ್ರಾ?" ಅಂತ ಒಬ್ಬರನ್ನೊಬ್ಬರು ಕೇಳೋಣ. ಯಾರಿಗಾದರೂ ಸ್ಕ್ಯಾನಿಗೆ ದುಡ್ಡಿಲ್ಲದಿದ್ದರೆ ಸಂಘದ ಸಾಲ ಮೊದಲು ಅವರಿಗೇ ಕೊಡೋಣ.