ಅಮರನಾಯಕರ ಮನೆಯ ಒಡೆದ ಮಡಕೆ

ಆದವಾನಿ, ರಾಯದುರ್ಗ, ಮಡಕಶಿರಾ ಕಡೆಯಿಂದ ಎರಡೆರಡು ಬಸ್ಸು ಬದಲಿಸಿ ಬಂದಿದ್ದೀರಿ. ಮಾತು ಉದ್ದ ಮಾಡಲ್ಲ.

ಹೋದ ಬೇಸಿಗೆಯಲ್ಲಿ ನಾವು ಐದಾರು ಜನ ನಮ್ಮ ಗಡಿ ಕಡೆಯ ಒಂದು ಬೆಟ್ಟದ ಕೋಟೆ ಹತ್ತಿದ್ದೆವು. ಮೇಲೆ ಹಳೇ ಮನೆಯೊಂದರ ಪಾಯ. ಅದರ ನಡುವೆ ಆಳುದ್ದದ ಹೊಸ ಗುಂಡಿ, ಪಕ್ಕದಲ್ಲಿ ಕುಂಕುಮ, ಕುಯ್ದ ನಿಂಬೆಹಣ್ಣು. ನಿಧಿ ಹುಡುಕಿದ್ದಾರೆ. ಎತ್ತಿ ಹಾಕಿದ ಮಣ್ಣಿನ ತುಂಬ ಮಡಕೆ ಚೂರು, ಗಾರೆ ತುಂಡು, ಇದ್ದಿಲು. ನಮ್ಮಲ್ಲೊಬ್ಬ, "ಪಾಪ, ಅವರಿಗೆ ಏನೂ ಸಿಕ್ಕಿಲ್ಲ" ಅಂದ. ಸಿಕ್ಕಿತ್ತು. ಅದನ್ನೇ ಹೊರಗೆ ಎಸೆದಿದ್ದರು. ಅದು ಹೇಗೆ ಅಂತ ತಿಳಿಯಬೇಕಾದರೆ ಒಮ್ಮೆ ಹಂಪಿಗೆ ಹೋಗಿಬರಬೇಕು.

ಹಂಪಿಯಲ್ಲಿ ಕಲ್ಲಿನ ರಥ, ಕಮಲ ಮಹಲ್ ನೀವೆಲ್ಲ ನೋಡಿರ್ತೀರಿ, ಸೆಲ್ಫಿನೂ ತೆಗೆದಿರ್ತೀರಿ. ಆದರೆ ಹಜಾರರಾಮ ದೇವಸ್ಥಾನದಿಂದ ಪಶ್ಚಿಮಕ್ಕೆ ಹೋದರೆ ಜನ ಅಷ್ಟಾಗಿ ಸುಳಿಯದ ಒಂದು ಜಾಗ ಇದೆ. ಉತ್ಖನನದಲ್ಲಿ ಅಲ್ಲಿ ದೊಡ್ಡ ದೊಡ್ಡ ಮನೆಗಳ ಪಾಯಗಳು ಎದ್ದು ಬಂದವು. ವಿದ್ವಾಂಸರು ಅದನ್ನ ಶ್ರೀಮಂತರ ಕೇರಿ ಅಂತ ಗುರುತಿಸಿದರು. ರಾಜನಿಂದ ಸೀಮೆ ಪಡೆದು, ಬದಲಿಗೆ ದಂಡು ಸಾಕಿ, ಕಾಣಿಕೆ ಒಪ್ಪಿಸುತ್ತಿದ್ದ ಅಮರನಾಯಕರಂಥವರು, ಆಸ್ಥಾನದ ದೊಡ್ಡವರು ಇದ್ದ ಕೇರಿ ಅದು ಅಂತ ಊಹೆ.

ಮನೆಗಳ ನಕ್ಷೆ ಸುಮಾರಾಗಿ ಒಂದೇ ಥರ. ಸುತ್ತ ಪೌಳಿ ಗೋಡೆ. ಒಳಗೆ ಹೋದಂತೆ ನೆಲ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ನಡುವೆ ತೆರೆದ ಅಂಗಳ, ಅದರ ಮೂರು ಕಡೆ ಎತ್ತರದ ಜಗುಲಿ, ಎಲ್ಲಕ್ಕಿಂತ ಮೇಲೆ ಯಜಮಾನನ ಕೋಣೆಗಳು. ಮುಖ ಹೆಚ್ಚಾಗಿ ಪೂರ್ವಕ್ಕೆ ಇಲ್ಲ ಉತ್ತರಕ್ಕೆ. ಯಾರು ಎಲ್ಲಿವರೆಗೆ ಬರಬಹುದು ಅನ್ನೋದನ್ನ ನೆಲದ ಎತ್ತರವೇ ಹೇಳಿಬಿಡುತ್ತಿತ್ತು ಅನಿಸುತ್ತದೆ. ನಮ್ಮ ಹಳ್ಳಿ ಗೌಡರ ಮನೆ ಕಟ್ಟೆ, ಪಡಸಾಲೆ, ಒಳಮನೆ ನೆನಪಾಗಲಿಲ್ಲವೇ? ಕಲ್ಲಿನ ಪಾಯ ಉಳಿದಿದೆ, ಗಾರೆ ಬೊಂಬೆಗಳ ತುಣುಕು ಸಿಕ್ಕಿವೆ. ಮರದ ಕಂಬ, ಚಾವಣಿ ಇಲ್ಲ. 1565ರ ಯುದ್ಧದ ನಂತರ ಊರಿಗೆ ಬೆಂಕಿ ಬಿತ್ತು.

1520ರ ಹೊತ್ತಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಪಾಯೆಸ್, ಕೃಷ್ಣದೇವರಾಯ ಬೆಳಗಾಗುವ ಮುಂಚೆ ಎಳ್ಳೆಣ್ಣೆ ಕುಡಿದು, ಮೈಗೂ ಹಚ್ಚಿಸಿಕೊಂಡು, ಭಾರ ಎತ್ತಿ, ಕುದುರೆ ಏರುತ್ತಿದ್ದ ಅಂತ ಬರೆದಿಟ್ಟಿದ್ದಾನೆ. ಸರಿ, ರಾಜನ ಸುದ್ದಿ ಸಿಕ್ಕಿತು. ಈ ಕೇರಿಯ ಮನೆಗಳಲ್ಲಿ ಒಲೆ ಮೇಲೆ ಏನಿಡ್ತಿದ್ರು, ನೀರು ಯಾವುದರಲ್ಲಿ ತುಂಬ್ತಿದ್ರು? ಅಡುಗೆಮನೆಗೆ ಪರದೇಶದವರನ್ನ ಯಾರು ಬಿಡ್ತಾರೆ! ಅದನ್ನ ಹೇಳೋದು ತಿಪ್ಪೆ.

ಕಾರ್ಲಾ ಸಿನೊಪೊಲಿ ಅನ್ನುವ ಅಮೆರಿಕದ ಪುರಾತತ್ವಜ್ಞೆ ಇದೇ ಕೇರಿಯ ಮಡಕೆ ಚೂರುಗಳ ಮೇಲೆ 1993ರಲ್ಲಿ ಒಂದು ಇಡೀ ಪುಸ್ತಕ ತಂದರು. ಚಿನ್ನದ ಮೇಲಲ್ಲ, ಚೂರಿನ ಮೇಲೆ. ಬಾಯಿ ಎಷ್ಟು ಅಗಲ, ಕಂಠ ಹೇಗೆ ಬಾಗಿದೆ ಅಂತ ಅಳೆದರೆ ಇದು ಅಡುಗೆ ಗಡಿಗೆ, ಇದು ನೀರಿನ ಕೊಡ, ಇದು ದೀಪದ ಹಣತೆ ಅಂತ ಬೇರೆ ಮಾಡಬಹುದು. ಹಂಪಿಯ ಉತ್ಖನನಗಳಲ್ಲಿ ಚೀನಾದ ಪಿಂಗಾಣಿ ಚೂರುಗಳೂ ಸಿಕ್ಕಿವೆ. ಸಮುದ್ರ ದಾಟಿ, ಘಟ್ಟ ಹತ್ತಿ ಬಂದ ಸಾಮಾನು ಅದು.

ಇನ್ನೊಂದು ಹೇಳಲೇಬೇಕು. ರಾಜಾವರಣದಲ್ಲಿ 1980ರ ದಶಕದಲ್ಲಿ ಕಪ್ಪು ಕಲ್ಲಿನ ಮೆಟ್ಟಿಲು ಪುಷ್ಕರಣಿ ಹೊರಬಂತು. ಅದರ ಕಲ್ಲುಗಳ ಮೇಲೆ ಸಣ್ಣ ಕನ್ನಡ ಅಕ್ಷರಗಳಿವೆ: ಯಾವ ದಿಕ್ಕು, ಯಾವ ಸಾಲು, ಎಷ್ಟನೇ ಕಲ್ಲು. ದಾನಶಾಸನದ ಕನ್ನಡ ನಮಗೆ ಗೊತ್ತು, ಅದು ಊರಿಗೆಲ್ಲ ಸಾರೋಕೆ ಬರೆಸಿದ್ದು. ಇದು ಹಾಗಲ್ಲ. ಕಲ್ಲು ಜೋಡಿಸುವ ಕೆಲಸಗಾರರಿಗೆ ಗೊತ್ತಾಗಲಿ ಅಂತ ಗೀಚಿದ್ದು. ವಿಜಯನಗರದಲ್ಲಿ ತೆಲುಗು, ತಮಿಳು ಎಲ್ಲವೂ ಇತ್ತು, ಅದರಲ್ಲಿ ಜಗಳ ಇಲ್ಲ. ಆದರೆ ಈ ಗುರುತುಗಳ ಮುಂದೆ ನಾವು ಹೆಚ್ಚು ಹೊತ್ತು ನಿಂತೆವು.

ಈಗ ನಮ್ಮ ಬೆಟ್ಟದ ಗುಂಡಿಗೆ ವಾಪಸ್ ಬರೋಣ. ಯುದ್ಧ ಸೋತ ಮೇಲೆ ಅರಸರು ಹೋಗಿ ಸೇರಿದ್ದು ಪೆನುಕೊಂಡೆಗೆ, ಮಡಕಶಿರಾದವರಿಗೆ ಪಕ್ಕದ ಊರು. ಆದವಾನಿ, ರಾಯದುರ್ಗದ ಬೆಟ್ಟಗಳ ಮೇಲೂ ಕೋಟೆ ಇವೆ. ಅಲ್ಲಿಯೂ ಉಂಡು ಮಲಗಿದವರ ಮನೆಗಳಿದ್ದವು. ಮಡಕೆ ಚೂರು ಇದ್ದಿಲಿನ ಪದರದ ಕೆಳಗಿತ್ತಾ, ಮೇಲಿತ್ತಾ ಅನ್ನೋದರಲ್ಲೇ ಕಾಲ ತಿಳಿಯೋದು. ಸುಟ್ಟ ಮನೆಯದಾ, ಆಮೇಲೆ ಬಂದವರದಾ? ಹಾರೆ ಬಿದ್ದು ಎಲ್ಲ ಕಲಸಿದ ಮೇಲೆ ಚೂರು ಇರುತ್ತೆ, ಉತ್ತರ ಇರಲ್ಲ. ನೆಲದಲ್ಲಿ ಹತ್ತು ರೂಪಾಯಿಗಿಂತ ಹೆಚ್ಚಿನ ನಿಧಿ ಸಿಕ್ಕರೆ ಸರ್ಕಾರಕ್ಕೆ ತಿಳಿಸಬೇಕು ಅಂತ 1878ರಿಂದ ಕಾನೂನಿದೆ. ಚೂರಿಗೆ ಅಷ್ಟು ಬೆಲೆ ಯಾರೂ ಕಟ್ಟಲ್ಲ, ಅದೇ ತೊಂದರೆ.

ಅದಕ್ಕೆ ಈ ಮಳೆಗಾಲ ಮುಗಿದ ಮೇಲೆ ಒಂದೊಂದು ತಾಲೂಕಿನವರು ಒಂದೊಂದು ಬೆಟ್ಟ ಹತ್ತೋಣ. ಪಾಯ, ತೊಟ್ಟಿ, ಕಾಲುವೆ, ಬಂಡೆ ಮೇಲಿನ ಅಕ್ಷರ, ಹೊಸ ಗುಂಡಿ ಎಲ್ಲದರ ಫೋಟೋ ತೆಗೆದು ಜಾಗದ ಲೊಕೇಶನ್ ಸಮೇತ ಇಡೋಣ. ಪಕ್ಕದಲ್ಲಿ ಅಳತೆಗೆ ಒಂದು ಪೆನ್ನು ಇಟ್ಟು ತೆಗೀರಿ. ಅಕ್ಷರಕ್ಕೆ ಸುಣ್ಣ, ಅರಿಶಿನ ಬಳಿಯಬೇಡಿ. ನೀರು ಜಾಸ್ತಿ ತನ್ನಿ. ಚೂರು ಚೆನ್ನಾಗಿ ಕಂಡರೆ ಫೋಟೋ ಸಾಕು, ಜೇಬಿಗೆ ಹಾಕಬೇಡಿ.