ರನ್‌ವೇ ಕಣ್ಣೆದುರೇ ಇತ್ತಲ್ಲ?

ಹ್ಯಾರಿಸನ್ ಫೋರ್ಡ್ ಗೊತ್ತಲ್ಲ, ಇಂಡಿಯಾನಾ ಜೋನ್ಸ್ ಸಿನಿಮಾಗಳ ಹೀರೋ? 2015ರ ಮಾರ್ಚ್ 5ರಂದು ಅವರು ಕ್ಯಾಲಿಫೋರ್ನಿಯಾದ ಸಾಂಟಾ ಮೋನಿಕಾ ವಿಮಾನ ನಿಲ್ದಾಣದಿಂದ ಎರಡನೇ ಮಹಾಯುದ್ಧ ಕಾಲದ ಒಂದು ಪುಟ್ಟ ರಯಾನ್ ವಿಮಾನದಲ್ಲಿ ಒಬ್ಬರೇ ಹಾರಿದರು. ಆಗ ಅವರಿಗೆ 72 ವರ್ಷ. ವಿಮಾನ ಇನ್ನೂ ಮೇಲೇರ್ತಾ ಇದ್ದಾಗಲೇ ಎಂಜಿನ್ ಶಕ್ತಿ ಕಳೆದುಕೊಳ್ತು. ಎಂಜಿನ್ ಕೈಕೊಟ್ಟಿದೆ, ತಕ್ಷಣ ವಾಪಸ್ ಬರ್ತೀನಿ ಅಂತ ರೇಡಿಯೋದಲ್ಲಿ ತಿಳಿಸಿದರು.

ಬರೋಕೆ ಆಗಲಿಲ್ಲ. ಗಾಲ್ಫ್ ಮೈದಾನದಲ್ಲಿ ಬಿದ್ದರು.

ಇಂಥ ಸುದ್ದಿ ಬಂದ ಕೂಡಲೇ ನಮ್ಮ ಸ್ಟುಡಿಯೋಗಳಲ್ಲಿ ಏಳೋ ಪ್ರಶ್ನೆ ಒಂದೇ: ರನ್‌ವೇ ಅಷ್ಟು ಹತ್ತಿರ ಇತ್ತಲ್ಲ, ತಿರುಗಿಸಬಾರದಿತ್ತಾ? ಕುರ್ಚಿ ಮೇಲೆ ಕೂತು ಕೇಳೋದು ಸುಲಭ ಸ್ವಾಮಿ. ಎಂಜಿನ್ ಇಲ್ಲದ ವಿಮಾನ ಪ್ರತಿ ಕ್ಷಣ ಕೆಳಗಿಳೀತಾನೇ ಇರುತ್ತೆ. ಹಿಂದಕ್ಕೆ ಬರಬೇಕು ಅಂದ್ರೆ ಅರ್ಧ ಸುತ್ತು ತಿರುಗಿದ್ರೂ ಸಾಲದು, ಮತ್ತೆ ರನ್‌ವೇ ನೇರಕ್ಕೂ ಬರಬೇಕು. ಅವಸರದಲ್ಲಿ ಜಾಸ್ತಿ ವಾಲಿಸಿದ್ರೆ, ಮೂತಿ ಎತ್ತಿದ್ರೆ ರೆಕ್ಕೆಗೆ ಗಾಳಿಯ ಆಸರೆ ತಪ್ಪುತ್ತೆ. ಆ ಎತ್ತರದಲ್ಲಿ ಹಾಗಾದ್ರೆ ಸರಿಪಡಿಸೋಕೆ ಸಮಯವೇ ಇರಲ್ಲ. ಅದಕ್ಕೇ ತರಬೇತಿಯಲ್ಲಿ ಹೇಳಿಕೊಡೋದು: ಮೂತಿ ತಗ್ಗಿಸು, ವೇಗ ಉಳಿಸು, ಎದುರಿಗೆ ಇರೋ ಬಯಲು ಹುಡುಕು. ಫೋರ್ಡ್ ಕೂಡ ಮೊದಲು ತಿರುಗಿದರು. ಆದರೆ ರನ್‌ವೇ ಸಿಗಲ್ಲ ಅಂತ ಗೊತ್ತಾದ ಮೇಲೆ ಅದಕ್ಕೇ ಜೋತು ಬೀಳಲಿಲ್ಲ. ಮೈದಾನದ ಕಡೆ ಇಳಿಸಿದರು. ಮರದ ತುದಿ ತಗುಲಿತು, ತೀವ್ರ ಗಾಯಗಳಾದವು, ಜೀವ ಉಳೀತು.

ಇನ್ನು ಕಾರಣ ಏನು? ಆಗಸ್ಟ್‌ನಲ್ಲಿ ಅಮೆರಿಕದ ಸಾರಿಗೆ ಸುರಕ್ಷತಾ ಮಂಡಳಿಯ ವರದಿ ಬಂತು. ಕಾರ್ಬ್ಯುರೇಟರ್‌ನಲ್ಲಿ ಇಂಧನದ ಪ್ರಮಾಣ ನಿಯಂತ್ರಿಸೋ ಪುಟ್ಟ ಜೆಟ್ ತಿರುಪು ಬಿಚ್ಚಿಕೊಂಡು ಸಡಿಲವಾಗಿತ್ತು. ಇಂಧನ ಅತಿಯಾಗಿ ನುಗ್ಗಿ ಎಂಜಿನ್ ಸೊರಗಿತ್ತು. ಹಳೇ ಸ್ಕೂಟರ್ ಓಡಿಸಿದವರಿಗೆ ಇದು ಅರ್ಥ ಆಗುತ್ತೆ! ಆ ಕಾರ್ಬ್ಯುರೇಟರನ್ನು ಪೂರ್ತಿ ಬಿಚ್ಚಿ ಜೋಡಿಸಿದ್ದು ಸುಮಾರು 17 ವರ್ಷ ಹಿಂದೆ. ಆಮೇಲೆ ಆ ಜೆಟ್ಟನ್ನು ಕಾಲಕಾಲಕ್ಕೆ ನೋಡಬೇಕು ಅನ್ನೋ ಸೂಚನೆ ನಿರ್ವಹಣಾ ಪುಸ್ತಕದಲ್ಲೇ ಇರಲಿಲ್ಲ.

ಇನ್ನೊಂದು ಮಾತು. ಭುಜದ ಬೆಲ್ಟನ್ನೂ ಸರಿಯಾಗಿ ಜೋಡಿಸಿರಲಿಲ್ಲ. ಗಾಯ ಅಷ್ಟು ತೀವ್ರವಾಗೋಕೆ ಅದೂ ಕಾರಣ ಅಂತ ಅದೇ ವರದಿ ಹೇಳುತ್ತೆ. ಬೆಲ್ಟ್ ಹಾಕಿಕೊಂಡೇ ಕೂತಿದ್ದ ಮನುಷ್ಯ, ನೋಡಿ.